ಅಪ್‌ಡೇಟ್: ವೆರೋನಾ ನೋಡಿ ಬಂದೆವು

ವೆನಿಸ್‌ನಿಂದ ಹೋಗಿ ಒಂದೇ ದಿನದಲ್ಲಿ ಇಟಲಿಯ ವೆರೋನಾ ನಗರ ನೋಡಬಹುದಾ ಅಂತ ಕೇಳಿದ್ದೆ. ಅಮ್ಮನಿಗೆ ಮಂಡಿನೋವು ಅಂತಾನೂ ಹೇಳಿದ್ದೆ. ರೈಲಿನಲ್ಲಿ ಬೆಳಿಗ್ಗೆ ಹೋಗಿ ರಾತ್ರಿ ವಾಪಸ್ ಬಂದೆವು.

ಅಲ್ಲಿನ ಅರೇನಾ, ಅಂದರೆ ರೋಮನ್ನರ ಕಾಲದ ಬಯಲು ರಂಗಮಂದಿರ, ಸುಮಾರು 2000 ವರ್ಷ ಹಳೆಯದು. 1117ರ ಭೂಕಂಪದಲ್ಲಿ ಹೊರಗೋಡೆ ಬಿದ್ದು ಈಗ ನಾಲ್ಕು ಕಮಾನಿನಷ್ಟೇ ಉಳಿದಿದೆ. ಒಳಗಿನ ಮೆಟ್ಟಿಲು ತುಂಬಾ ಎತ್ತರ. ಅಮ್ಮ ಕೆಳಗಿನ ಸಾಲಿನಲ್ಲೇ ಕೂತರು.

ನನ್ನ ಮನಸ್ಸು ಕದ್ದಿದ್ದು ಪೊಂಟೆ ಪಿಯೆತ್ರಾ ಸೇತುವೆ. 1945ರಲ್ಲಿ ಹಿಂದೆ ಸರಿಯುತ್ತಿದ್ದ ಜರ್ಮನ್ ಸೇನೆ ಇದನ್ನು ಸ್ಫೋಟಿಸಿತ್ತು. ಊರವರು ಅದಿಜೆ ನದಿಯಿಂದ ಹಳೆಯ ಕಲ್ಲುಗಳನ್ನೇ ಎತ್ತಿ ಮತ್ತೆ ಕಟ್ಟಿದರು. ಒಂದು ಕಡೆ ರೋಮನ್ನರ ಬಿಳಿ ಕಲ್ಲು, ಇನ್ನೊಂದು ಕಡೆ ಕೆಂಪು ಇಟ್ಟಿಗೆ. ಆ ಕಲ್ಲು ಮುಟ್ಟಿದಾಗ ಕಣ್ಣು ತುಂಬಿ ಬಂತು.

ಬೀದಿಯ ಹಾಸುಗಲ್ಲಿನಲ್ಲಿ ಶಂಖದಂಥ ಸುರುಳಿಗಳನ್ನು ಅಮ್ಮನೇ ಮೊದಲು ಕಂಡರು. ಎಲ್ಲ ಸಮುದ್ರಜೀವಿಗಳ ಪಳೆಯುಳಿಕೆ!