ಜೂನ್ ಮಳೆಯಲ್ಲಿ ಕೋಳಿಮರಿ: ಪಶುವೈದ್ಯರಿಗೆ ಕೇಳಿದ್ದು, ಅವರು ಹೇಳಿದ್ದು

ಪ್ರಶ್ನೆ (ಕೊಡಗಿನ ನಾಪೋಕ್ಲು ಕಡೆಯ ಗೃಹಿಣಿ):
ಡಾಕ್ಟರೇ, ನಮಸ್ಕಾರ. ವಾರದ ಹಿಂದೆ 25 ಗಿರಿರಾಜ ತಳಿಯ ಕೋಳಿಮರಿಗಳನ್ನು ತಂದೆವು, ಒಂದು ದಿನದ ಮರಿಗಳು. ರಟ್ಟಿನ ಪೆಟ್ಟಿಗೆಯಲ್ಲಿ ಹಳೆಯ ಪೇಪರ್ ಹಾಸಿ, ಮೇಲೆ ಬಲ್ಬ್ ಕಟ್ಟಿ ಇಟ್ಟಿದ್ದೇವೆ. ಆದರೂ ಮರಿಗಳು ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದು ಚೀರುತ್ತವೆ. ಬೆಳಿಗ್ಗೆ ನೋಡಿದರೆ ಅಡಿಯಲ್ಲಿದ್ದವು ಸತ್ತಿರುತ್ತವೆ. ಕರೆಂಟ್ ಹೋದರೆ ಯಾವಾಗ ಬರುತ್ತದೆಂದು ಹೇಳುವವರಿಲ್ಲ. ಉಳಿದವನ್ನು ಕಾಪಾಡುವುದು ಹೇಗೆ? ಹೊರಗಿನ ಗೂಡಿಗೆ ಯಾವಾಗ ಬಿಡಬಹುದು? ಗೂಡಿನಲ್ಲಿ ಆರು ಹಳೆಯ ನಾಟಿಕೋಳಿಗಳಿವೆ.

ಉತ್ತರ (ಪಶುವೈದ್ಯ):
ಅಕ್ಕಾ, ಮೊದಲು ಆ ಬಲ್ಬ್ ಯಾವುದೆಂದು ನೋಡಿ. ಎಲ್‌ಇಡಿ ಆಗಿದ್ದರೆ ಮರಿಗಳಿಗೆ ಸಿಗುತ್ತಿರುವುದು ಬರೀ ಬೆಳಕು. ಅದರಲ್ಲಿ ಕಾವು ಇಲ್ಲ. ಈ ಮಳೆಗಾಲದಲ್ಲಿ ನನಗೆ ಬಂದ ‘ಬಲ್ಬ್ ಹಾಕಿದರೂ ಸಾಯುತ್ತಿವೆ’ ಎಂಬ ಕರೆಗಳಲ್ಲಿ ಹೆಚ್ಚಿನವು ಎಲ್‌ಇಡಿಯ ಕಥೆಗಳೇ. ಹಳೆಯ ಕಾಲದ, ಮುಟ್ಟಿದರೆ ಕೈ ಸುಡುವ ಫಿಲಮೆಂಟ್ ಬಲ್ಬ್ ಬೇಕು. ಮರಿಯೊಂದಕ್ಕೆ ಒಂದರಿಂದ ಎರಡು ವ್ಯಾಟ್ ಲೆಕ್ಕ. ನಿಮ್ಮ ಕಡೆಯ ಥಂಡಿಗೆ 60 ವ್ಯಾಟ್‌ನದೊಂದು ಹಾಕಿ, ನೆಲದಿಂದ ಒಂದೂವರೆ ಅಡಿ ಎತ್ತರಕ್ಕೆ ಗಟ್ಟಿಯಾಗಿ ಕಟ್ಟಿ. ಸಡಿಲ ಕಟ್ಟಿದ ಬಲ್ಬ್ ಹೊಟ್ಟಿನ ಮೇಲೆ ಬಿದ್ದರೆ ಬೆಂಕಿಯೇ.

ಮೊದಲ ವಾರ ಮರಿಗಳ ಬೆನ್ನಿನ ಮಟ್ಟದಲ್ಲಿ 33ರಿಂದ 35 ಡಿಗ್ರಿ ಸೆಲ್ಸಿಯಸ್ ಇರಬೇಕು. ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತ ಹೋಗಬೇಕು. ಥರ್ಮಾಮೀಟರ್ ಇಲ್ಲದಿದ್ದರೆ ಚಿಂತೆ ಬೇಡ, ಮರಿಗಳನ್ನೇ ನೋಡಿ. ಬಲ್ಬಿನಡಿ ಒತ್ತಿ ಕುಳಿತರೆ ಚಳಿ. ಬಲ್ಬಿನಿಂದ ದೂರ ಸರಿದು ಬಾಯಿ ತೆರೆದು ಏದುಸಿರು ಬಿಟ್ಟರೆ ಸೆಕೆ. ಎಲ್ಲವೂ ಒಂದೇ ಪಕ್ಕಕ್ಕೆ ಸರಿದಿದ್ದರೆ ಎದುರು ಪಕ್ಕದಿಂದ ಗಾಳಿ ನುಗ್ಗುತ್ತಿದೆ. ಅಲ್ಲಲ್ಲಿ ಹರಡಿಕೊಂಡು, ಕೆಲವು ತಿನ್ನುತ್ತ ಕೆಲವು ಮಲಗಿದ್ದರೆ ಸರಿಯಾಗಿದೆ ಎಂದರ್ಥ.

ಇನ್ನು ಆ ಪೆಟ್ಟಿಗೆ. ಅದರ ನಾಲ್ಕು ಮೂಲೆಗಳೇ ನಿಮ್ಮ ಶತ್ರು. ಚಳಿಯಾದ ಮರಿ ಮೂಲೆ ಹುಡುಕುತ್ತದೆ, ಹಿಂದಿನದು ಅದರ ಮೇಲೆ ಹತ್ತುತ್ತದೆ, ಕೆಳಗಿನದು ಉಸಿರುಕಟ್ಟುತ್ತದೆ. ನಿಮ್ಮ ಮರಿಗಳು ಸತ್ತದ್ದು ಬಹುಶಃ ಹೀಗೆ, ರೋಗದಿಂದಲ್ಲ. ಬಿದಿರಿನ ತಟ್ಟಿಯನ್ನೋ ಉದ್ದದ ರಟ್ಟನ್ನೋ ಒಂದೂವರೆ ಅಡಿ ಎತ್ತರಕ್ಕೆ ದುಂಡಗೆ ಬಾಗಿಸಿ ಕಟ್ಟಿ. ನಾಲ್ಕು ಅಡಿ ಅಗಲದ ವೃತ್ತ 25 ಮರಿಗಳಿಗೆ ಈಗ ಸಾಕು, ಬೆಳೆದಂತೆ ಹಿಗ್ಗಿಸುತ್ತ ಹೋಗಿ. ಪೇಪರ್ ಮಾತ್ರ ಹಾಸಬೇಡಿ, ಒದ್ದೆಯಾದರೆ ಜಾರುತ್ತದೆ, ಮರಿಗಳ ಕಾಲು ಅಗಲಕ್ಕೆ ಸೀಳಿಕೊಂಡು ಕುಂಟಾಗುತ್ತವೆ. ಎರಡು ಮೂರು ಇಂಚು ಒಣ ಭತ್ತದ ಹೊಟ್ಟು ಹಾಕಿ.

ಕರೆಂಟಿನ ವಿಷಯ. ಬಚ್ಚಲೊಲೆಯ ಹಂಡೆಯಲ್ಲಿ ಬಿಸಿನೀರು ಇದ್ದೇ ಇರುತ್ತದಲ್ಲ? ಐದು ಲೀಟರಿನ ಕ್ಯಾನ್‌ಗಳಿಗೆ ತುಂಬಿ, ಬಾಯಿ ಭದ್ರಪಡಿಸಿ, ಗೋಣಿಚೀಲ ಸುತ್ತಿ ವೃತ್ತದ ನಡುವೆ ಇಡಿ. ಮರಿಗಳು ಅದಕ್ಕೆ ಒರಗಿ ಕೂರುತ್ತವೆ. ತಣಿದ ಮೇಲೆ ಬದಲಿಸಿ. ಕೆಂಡದ ಮಡಕೆ ಇಡುವವರೂ ಇದ್ದಾರೆ. ಇಟ್ಟರೆ ಕೆಂಡದ ಮೇಲೆ ಬೂದಿ ಮುಚ್ಚಿ, ಸುತ್ತ ಜಾಲರಿ ಕಟ್ಟಿ, ಕಿಟಕಿ ತೆರೆದಿಡಿ. ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟರೆ ಇಂಗಾಲದ ಮಾನಾಕ್ಸೈಡ್ ತುಂಬಿ ಮರಿಗಳೂ ಸಾಯುತ್ತವೆ, ಪಕ್ಕದಲ್ಲಿ ಮಲಗಿದ ಮನುಷ್ಯರೂ ಸಾಯುತ್ತಾರೆ. ಆದ್ದರಿಂದ ಬಿಸಿನೀರಿಗೇ ನನ್ನ ಓಟು.

ಗೂಡಿನ ವಿಷಯ ಸಂಜೆ ಬರೆಯುತ್ತೇನೆ. ಅದಕ್ಕೆ ಮೊದಲು ಹೇಳಿ, ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ ಲಸೋಟ ಹಾಕಿಸಿದ್ದೀರಾ?

ಪ್ರಶ್ನೆ ಕೇಳಿದವರು:
ಬಲ್ಬ್ ಎಲ್‌ಇಡಿಯೇ ಡಾಕ್ಟರೇ. ಇವತ್ತೇ ಬದಲಿಸುತ್ತೇವೆ. ಲಸಿಕೆ ಹಾಕಿಸಿಲ್ಲ. ತಂದ ಕಡೆ ಒಂದು ಸೂಜಿ ಆಗಿದೆ ಎಂದರು.

ಉತ್ತರ:
ಅದು ಮರೆಕ್ಸ್ ರೋಗದ ಲಸಿಕೆ ಇರಬೇಕು, ಹ್ಯಾಚರಿಯಲ್ಲಿ ಮೊದಲ ದಿನವೇ ಕೊಡುತ್ತಾರೆ. ಕೊಕ್ಕರೆ ರೋಗಕ್ಕೆ ಅದು ಸಾಲದು. ಐದರಿಂದ ಏಳನೆಯ ದಿನದೊಳಗೆ ಕಣ್ಣಿಗೋ ಮೂಗಿಗೋ ಒಂದು ಹನಿ ಲಸೋಟ, ಎರಡನೆಯ ವಾರದ ಕೊನೆಗೆ ಗಂಬೊರೊ ರೋಗದ ಲಸಿಕೆ, ನಾಲ್ಕನೆಯ ವಾರ ಮತ್ತೆ ಲಸೋಟ, ಆರರಿಂದ ಎಂಟು ವಾರಕ್ಕೆ ಸಿಡುಬಿನ ಲಸಿಕೆ, ಎಂಟು ವಾರ ದಾಟಿದ ಮೇಲೆ ಕೊಕ್ಕರೆ ರೋಗಕ್ಕೇ ಆರ್2ಬಿ ಚುಚ್ಚುಮದ್ದು. ನೀವು ನಾಳೆಯೇ ಮೊದಲ ಹನಿ ಹಾಕಿಸಿ. ತೂಕಡಿಸುವ ಮರಿಗಳಿಗೆ ಬೇಡ, ಚುರುಕಾಗಿರುವವಕ್ಕೆ ಮಾತ್ರ.

ಲಸಿಕೆಯ ಸೀಸೆ ನೂರಾರು ಕೋಳಿಗಳ ಲೆಕ್ಕದಲ್ಲಿ ಬರುತ್ತದೆ, ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. 20 ಮರಿಗಳಿಗಾಗಿ ಉಳಿದದ್ದನ್ನು ಚೆಲ್ಲುವ ಬದಲು ಊರಿನ ನಾಲ್ಕು ಮನೆಯವರು ಒಂದೇ ದಿನ ಹಾಕಿಸಿಕೊಳ್ಳಿ. ಥರ್ಮಾಸಿನಲ್ಲಿ ಐಸ್ ಹಾಕಿ ತನ್ನಿ. ಕರೆಂಟಿಲ್ಲದ ಫ್ರಿಜ್‌ನಲ್ಲಿ ಎರಡು ದಿನ ಕುಳಿತ ಸೀಸೆಯನ್ನು ನಂಬಬೇಡಿ.

ಸಿದ್ದಾಪುರದಿಂದ ಒಬ್ಬರು:
ಡಾಕ್ಟರೇ, ನಮ್ಮಲ್ಲಿ ಭತ್ತದ ಹೊಟ್ಟು ಸಿಗುವುದು ಕಷ್ಟ. ಕಾಫಿ ಹೊಟ್ಟು ರಾಶಿ ಬಿದ್ದಿದೆ. ಅದನ್ನೇ ಹಾಸಬಹುದೇ?

ಉತ್ತರ:
ಚೆರಿ ಕಾಫಿಯ ಹೊಟ್ಟು ಬೇಡ. ಅದು ತೇವ ಹೀರಿ ಬೇಗ ಬೂಷ್ಟು ಹಿಡಿಯುತ್ತದೆ. ಬೂಷ್ಟಿನ ಧೂಳು ಮರಿಗಳ ಶ್ವಾಸಕೋಶಕ್ಕೆ ಇಳಿದು ಆಸ್ಪರ್‌ಜಿಲ್ಲೋಸಿಸ್ ಬರುತ್ತದೆ, ಅದಕ್ಕೆ ಮದ್ದು ಹುಡುಕಿ ಪ್ರಯೋಜನವಿಲ್ಲ. ಮೇಲಾಗಿ ಅದರಲ್ಲಿ ಕೆಫೀನ್ ಇದೆ, ಮರಿಗಳೋ ಕಂಡದ್ದನ್ನೆಲ್ಲ ಕುಕ್ಕುವ ಜಾತಿ. ಸಿಲ್ವರ್ ಓಕ್ ಕೊಯ್ಯುವ ಮಿಲ್ಲಿನಲ್ಲಿ ಹತ್ತರಿ ಹಾಕಿದ ಸುರುಳಿ ಚೂರು ಸಿಗುತ್ತದೆ, ಅದನ್ನು ತನ್ನಿ. ನುಣ್ಣನೆಯ ಮರದ ಪುಡಿ ಬೇಡ, ಮೇವೆಂದು ತಿಂದು ಹೊಟ್ಟೆ ಕಟ್ಟಿಕೊಳ್ಳುತ್ತವೆ.

ಏನು ಹಾಸಿದರೂ ದಿನಕ್ಕೊಮ್ಮೆ ಕೈಯಾಡಿಸಿ. ಮುದ್ದೆ ಕಟ್ಟಿದ ಭಾಗ ತೆಗೆದು ಹೊಸದು ಹಾಕಿ. ಕೂತು ಮೂಗು ಇಟ್ಟಾಗ ಕಣ್ಣು ಉರಿದರೆ ಅಮೋನಿಯ ತುಂಬಿದೆ ಎಂದರ್ಥ. ನಿಂತು ನೋಡುವ ನಮಗೆ ಗೊತ್ತಾಗುವುದಿಲ್ಲ, ಮರಿ ಉಸಿರಾಡುವುದು ನೆಲದಿಂದ ಮೂರು ಇಂಚು ಮೇಲೆ. ವರ್ಷಕ್ಕೆ 3000 ಮಿಲಿಮೀಟರ್ ದಾಟುವ ಮಳೆ ಬೀಳುವ ಮಡಿಕೇರಿ ಸೀಮೆಯಲ್ಲಿ ಮರಿಗಳನ್ನು ಚಳಿಗಿಂತ ಹೆಚ್ಚು ತೇವವೇ ಕೊಲ್ಲುತ್ತದೆ. ಮೂರನೆಯ ವಾರದಿಂದ ಆರನೆಯ ವಾರದವರೆಗೆ ಹಿಕ್ಕೆಯಲ್ಲಿ ರಕ್ತ ಕಂಡು, ಪುಕ್ಕ ಕೆದರಿ, ರೆಕ್ಕೆ ಇಳಿಬಿಟ್ಟು ನಿಂತರೆ ಅದು ಕಾಕ್ಸಿಡಿಯೋಸಿಸ್, ಒದ್ದೆ ಹಾಸಿನ ಮಗು. ಆಂಪ್ರೋಲಿಯಂ ನೀರಿನಲ್ಲಿ ಕೊಡಬೇಕಾಗುತ್ತದೆ, ಪ್ರಮಾಣವನ್ನು ಹತ್ತಿರದ ಪಶು ಆಸ್ಪತ್ರೆಯಲ್ಲಿ ಕೇಳಿ. ಆ ದಿನವೇ ಕೇಳಿ, ಮರುದಿನಕ್ಕೆ ಕಾಯಬೇಡಿ.

ಪೊನ್ನಂಪೇಟೆಯ ಹಿರಿಯರೊಬ್ಬರು:
ಇಷ್ಟೆಲ್ಲ ಬಲ್ಬು, ಥರ್ಮಾಮೀಟರು ಏಕೆ? ನಮ್ಮ ಅಜ್ಜಿಯ ಕಾಲದಲ್ಲಿ ಕಕ್ಕಡ ತಿಂಗಳ ಮಳೆಯಲ್ಲೂ ಮರಿಗಳು ಬದುಕುತ್ತಿದ್ದವು.

ಉತ್ತರ:
ನಿಜ ಅಣ್ಣಾ, ಆದರೆ ಆ ಕೆಲಸ ಮಾಡುತ್ತಿದ್ದುದು ಹೇಂಟೆ. ಕಾವಿಗೆ ಕೂತ ನಾಟಿಕೋಳಿ 21 ದಿನದಲ್ಲಿ ಮರಿ ಮಾಡಿ, ಆಮೇಲೆ ವಾರಗಟ್ಟಲೆ ರೆಕ್ಕೆಯಡಿ ಇಟ್ಟುಕೊಳ್ಳುತ್ತಿತ್ತು. ಹ್ಯಾಚರಿ ಮರಿಗೆ ತಾಯಿ ಇಲ್ಲ. ಗಿರಿರಾಜ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಹಿತ್ತಲಿಗೆಂದೇ ರೂಪಿಸಿದ ತಳಿ. ಬೇಗ ಬೆಳೆಯುತ್ತದೆ, ನಾಟಿಗಿಂತ ಹೆಚ್ಚು ಮೊಟ್ಟೆ ಇಡುತ್ತದೆ, ಆದರೆ ಕಾವಿಗೆ ಕೂರುವ ಗುಣ ತೀರ ಕಡಿಮೆ.

ನಿಮ್ಮ ಮಾತಿನಲ್ಲಿ ಒಂದು ಉಪಾಯವೂ ಇದೆ. ಮನೆಯಲ್ಲಿ ನಾಟಿ ಹೇಂಟೆ ಕಾವಿಗೆ ಕೂತಿರುವ ಸಮಯಕ್ಕೆ ಸರಿಯಾಗಿ ಮರಿ ತಂದು, ರಾತ್ರಿ ಕತ್ತಲಲ್ಲಿ ಅದರ ಅಡಿಗೆ ಒಂದೊಂದಾಗಿ ಸರಿಸಿ, ಮೊಟ್ಟೆಗಳನ್ನು ತೆಗೆದುಬಿಟ್ಟರೆ ಬೆಳಿಗ್ಗೆ ತನ್ನದೆಂದೇ ಸಾಕುತ್ತದೆ. ಒಂದು ಹೇಂಟೆಗೆ ಹತ್ತು ಹನ್ನೆರಡು ಮರಿ. ಮರಿ ಹುಟ್ಟಿ ಎರಡು ಮೂರು ದಿನದೊಳಗೆ ಮಾತ್ರ ಇದು ನಡೆಯುತ್ತದೆ. ನಾಪೋಕ್ಲಿನ ಅಕ್ಕನ ಮರಿಗಳಿಗೆ ವಾರ ಕಳೆದಿದೆ, ಈಗ ಹೇಂಟೆಯೂ ಒಪ್ಪುವುದಿಲ್ಲ, ಮರಿಗಳೂ ಹಿಂದೆ ಹೋಗುವುದಿಲ್ಲ.

ಉತ್ತರ (ಮುಂದುವರಿದದ್ದು, ಗೂಡಿನ ಬಗ್ಗೆ):
ಮೈತುಂಬ ಪುಕ್ಕ ಬಂದ ಮೇಲೆ, ಅಂದರೆ ಐದಾರು ವಾರಕ್ಕೆ, ಬಲ್ಬಿನ ಹಂಗು ತಪ್ಪುತ್ತದೆ. ಬಯಲುಸೀಮೆಯಲ್ಲಾದರೆ ಆಗಲೇ ಹೊರಗೆ ಬಿಡಬಹುದು. ನಿಮಗೆ ಆ ಹೊತ್ತಿಗೆ ಜುಲೈ ಕೊನೆ, ಮಳೆ ಜೋರಾಗಿರುವ ಕಾಲ. ಇನ್ನೆರಡು ವಾರ ತಡೆಯಿರಿ. ಅಂಗೈ ಅಗಲದ ಬಿಸಿಲು ಕಂಡ ದಿನ ಒಂದು ಗಂಟೆ ಅಂಗಳಕ್ಕೆ ಬಿಟ್ಟು ಒಳಗೆ ತನ್ನಿ.

ಗೂಡು ನೆಲದಿಂದ ಎರಡು ಮೂರು ಅಡಿ ಎತ್ತರದಲ್ಲಿರಲಿ. ತಳಕ್ಕೆ ಅಡಿಕೆ ದಬ್ಬೆ ಹೊಡೆದರೆ ಹಿಕ್ಕೆ ಕೆಳಗೆ ಬೀಳುತ್ತದೆ, ಗೂಡು ಒಣಗಿರುತ್ತದೆ. ದಬ್ಬೆಗಳ ನಡುವೆ ಕಾಲು ಸಿಕ್ಕಿಕೊಳ್ಳದಷ್ಟು ಸಣ್ಣ ಸಂದಿ. ಶೀಟನ್ನು ಗೋಡೆಯಿಂದ ಎರಡು ಅಡಿ ಹೊರಕ್ಕೆ ಚಾಚಿ, ಏಕೆಂದರೆ ಕೊಡಗಿನ ಮಳೆ ನೇರವಾಗಿ ಬೀಳುವುದಕ್ಕಿಂತ ಅಡ್ಡಡ್ಡ ಬೀಳುವುದೇ ಹೆಚ್ಚು. ಗಾಳಿ ಬೀಸುವ ಪಡುವಣ ಗೋಡೆ ಪೂರ್ತಿ ಹಲಗೆ, ಎದುರಿನದು ಮೇಲರ್ಧ ಜಾಲರಿ. ತೇವದ ಗಾಳಿ ಹೊರಗೆ ಹೋಗಲು ಮಾಡಿನ ಕೆಳಗೆ ಸಂದಿ ಬಿಡಿ. ಚಳಿಯೆಂದು ಪ್ಲಾಸ್ಟಿಕ್ ಸುತ್ತಿ ಪೂರಾ ಮುಚ್ಚುವ ಗೂಡುಗಳನ್ನು ನೋಡಿ ನೋಡಿ ಸಾಕಾಗಿದೆ, ಒಳಗೆ ಬೆಳಿಗ್ಗೆ ನೀರು ತೊಟ್ಟಿಕ್ಕುತ್ತಿರುತ್ತದೆ. ದೊಡ್ಡ ಕೋಳಿಗೆ ರಾತ್ರಿ ತಂಗಲು ಒಂದೂವರೆಯಿಂದ ಎರಡು ಚದರ ಅಡಿ ಬೇಕು. ಅಡ್ಡೆಗೋಲು ಎಲ್ಲವೂ ಒಂದೇ ಎತ್ತರದಲ್ಲಿರಲಿ, ಇಲ್ಲವಾದರೆ ಮೇಲಿನದಕ್ಕಾಗಿ ದಿನಾ ಜಗಳ.

ಜಾಲರಿಯ ಆಯ್ಕೆಯಲ್ಲಿ ಜಿಪುಣತನ ಬೇಡ. ತೆಳು ತಂತಿಯ ಕೋಳಿ ಬಲೆ ಕೋಳಿಯನ್ನು ಒಳಗಿಡುತ್ತದೆ, ಹೊರಗಿನವರನ್ನು ಹೊರಗಿಡುವುದಿಲ್ಲ. ಪುನುಗು ಬೆಕ್ಕು ಹಲ್ಲಿನಲ್ಲಿ ಹರಿಯುತ್ತದೆ, ಮುಂಗುಸಿ ಅಡಿಯಿಂದ ತೋಡುತ್ತದೆ, ಕೇರೆಹಾವು ಮರಿಗಳ ವಾಸನೆ ಹಿಡಿದು ಒಂದಿಂಚಿನ ಸಂದಿಯಲ್ಲೂ ನುಸುಳುತ್ತದೆ. ಅರ್ಧ ಇಂಚಿನ ವೆಲ್ಡ್ ಮೆಶ್ ಹಾಕಿ. ಗೂಡು ನೆಲಕ್ಕೆ ತಾಗಿದ್ದರೆ ಅದೇ ಮೆಶ್ಶನ್ನು ಮಣ್ಣಿನೊಳಗೆ ಒಂದಡಿ ಹೊರಮುಖವಾಗಿ ಹೂಳಿ. ಬಾಗಿಲಿಗೆ ಎರಡು ಚಿಲಕ. ಹಿಡಿಯಲು ಉರುಳು, ವಿಷ ಇಡಬೇಡಿ. ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬರುವ ಪ್ರಾಣಿಗಳು, ಜೊತೆಗೆ ವಿಷ ಮೊದಲು ತಿನ್ನುವುದು ನಿಮ್ಮದೇ ನಾಯಿ.

ಹಳೆಯ ಕೋಳಿಗಳ ಜೊತೆ ನೇರವಾಗಿ ಬಿಟ್ಟರೆ ರಕ್ತ ನೋಡುತ್ತೀರಿ. ಗೂಡಿನ ಮಧ್ಯೆ ಜಾಲರಿಯ ಅಡ್ಡಗೋಡೆ ಹಾಕಿ ಎರಡು ವಾರ ಪರಸ್ಪರ ಮುಖ ನೋಡಲಿ, ಮೈ ಮುಟ್ಟದಿರಲಿ. ಮರಿಗಳು ಹಳೆಯವುಗಳ ಮುಕ್ಕಾಲು ಗಾತ್ರಕ್ಕೆ ಬಂದ ಮೇಲೆ ಅಡ್ಡಗೋಡೆ ತೆಗೆಯಿರಿ. ಮೇವಿನ ತಟ್ಟೆ, ನೀರಿನ ಪಾತ್ರೆ ಎರಡೆರಡು ಕಡೆ ಇರಲಿ. ಒಂದೆರಡು ದಿನ ಕುಕ್ಕಾಟ ಸಹಜ. ರಕ್ತ ಬಂದ ಮರಿಯನ್ನು ಮಾತ್ರ ತಕ್ಷಣ ಬೇರೆ ಮಾಡಿ, ಕೆಂಪು ಕಂಡರೆ ಎಲ್ಲವೂ ಅಲ್ಲಿಗೇ ಕುಕ್ಕುತ್ತವೆ. ಮೊಟ್ಟೆಕೋಳಿಯ ಮೇವನ್ನು ಮರಿಗಳು ತಿನ್ನದಂತೆ ನೋಡಿಕೊಳ್ಳಿ, ಅದರ ಸುಣ್ಣದಂಶ ಎಳೆಯ ಮೂತ್ರಪಿಂಡಕ್ಕೆ ಹೆಚ್ಚಾಗುತ್ತದೆ. ಬರೀ ಅಕ್ಕಿ ತರಿಯೂ ಸಾಲದು. ಎಂಟು ವಾರದವರೆಗೆ ಚಿಕ್ ಸ್ಟಾರ್ಟರ್ ಬೇಕೇ ಬೇಕು, ಸುಮಾರು ನೂರಕ್ಕೆ 20 ಭಾಗ ಪ್ರೋಟೀನ್ ಇರುವಂಥದ್ದು.

ಸುಂಟಿಕೊಪ್ಪದಿಂದ ಒಬ್ಬರು:
ನಮ್ಮವು ಮೂರು ತಿಂಗಳ ಕೋಳಿಗಳು. ಗೂಡು ಚೆನ್ನಾಗಿದೆ, ಆದರೆ ಸಂಜೆಯಾದರೆ ಬೆಣ್ಣೆಹಣ್ಣಿನ ಮರ ಹತ್ತಿ ಕೂರುತ್ತವೆ. ಓಡಿಸಿದರೆ ಕಾಫಿ ಗಿಡದೊಳಗೆ ನುಗ್ಗುತ್ತವೆ.

ಉತ್ತರ:
ಓಡಿಸಬೇಡಿ. ಓಡಿಸಿದಷ್ಟೂ ಗೂಡೆಂದರೆ ಹೆದರಿಕೆಯ ಜಾಗ ಎಂದು ಕಲಿಯುತ್ತವೆ. ಪೂರ್ತಿ ಕತ್ತಲಾದ ಮೇಲೆ ಏಣಿ ಹಾಕಿ, ಟಾರ್ಚ್ ಮಂದ ಮಾಡಿ, ಒಂದೊಂದಾಗಿ ಇಳಿಸಿ ಗೂಡಿನ ಅಡ್ಡೆಗೋಲಿನ ಮೇಲೆ ಕೂರಿಸಿ. ಆಮೇಲೆ ಒಂದು ವಾರ ಹೊರಗೇ ಬಿಡಬೇಡಿ, ಮೇವು ನೀರು ಎಲ್ಲ ಒಳಗೇ. ಬಳಿಕ ಬಿಡುವುದು ಸಂಜೆ, ಕತ್ತಲಾಗಲು ಒಂದು ಗಂಟೆ ಇರುವಾಗ, ಹಸಿದ ಹೊಟ್ಟೆಯಲ್ಲಿ. ಗೂಡಿನಲ್ಲಿ ತರಿ ಹಾಕಿ ಡಬ್ಬ ಅಲ್ಲಾಡಿಸಿದರೆ ತಾವೇ ಬರುತ್ತವೆ. ದಿನದಿನಕ್ಕೆ ಹೊತ್ತು ಹೆಚ್ಚಿಸಿ. ಗೂಡಿನೊಳಗೆ ಕತ್ತಲು ಬೇಗ ಕವಿದರೆ ಕೋಳಿ ಒಳಗೆ ಹೋಗಲು ಹಿಂಜರಿಯುತ್ತದೆ, ಮುಸ್ಸಂಜೆಗೆ ಅಲ್ಲೊಂದು ಪುಟ್ಟ ದೀಪ ಹಚ್ಚಿ. ಇದಕ್ಕೆ ಎಲ್‌ಇಡಿ ಆದೀತು!

ತೋಟದಲ್ಲಿ ಔಷಧಿ ಹೊಡೆದಾಗ, ಗೊಬ್ಬರ ಹಾಕಿದಾಗ ಮಾತ್ರ ಗೂಡಿನಿಂದ ಬಿಡಲೇಬೇಡಿ. ರಸಗೊಬ್ಬರದ ಹರಳನ್ನು ಕಾಳೆಂದು ಹೆಕ್ಕುತ್ತವೆ. ಗಿಡಗಳಿಗೆ ಹೊಡೆಯುವ ಬೋರ್ಡೋ ದ್ರಾವಣ ಕಲಸಿದ ಡ್ರಮ್ಮಿನ ಸುತ್ತ ನಿಂತ ನೀಲಿ ನೀರನ್ನೂ ಕುಡಿಯುತ್ತವೆ, ಅದರಲ್ಲಿರುವುದು ಮೈಲುತುತ್ತ.

ಪ್ರಶ್ನೆ ಕೇಳಿದವರು:
ಡಾಕ್ಟರೇ, ಬಲ್ಬ್ ಬದಲಿಸಿ ದುಂಡಗೆ ತಟ್ಟಿ ಕಟ್ಟಿದ ಮೇಲೆ ಒಂದೂ ಸತ್ತಿಲ್ಲ. ಇವು ಕೈಲ್ ಮುಹೂರ್ತ ಹಬ್ಬಕ್ಕೆ ಸಿಗುತ್ತವೆಯೇ? ಇನ್ನೊಂದು ತಂಡ ತರುವುದಾದರೆ ಯಾವಾಗ?

ಉತ್ತರ:
ಸೆಪ್ಟೆಂಬರ್ ಮೊದಲ ವಾರಕ್ಕೆ ಹುಂಜಗಳು ಸಾರಿಗೆ ಸಾಕಷ್ಟು ಬೆಳೆದಿರುತ್ತವೆ. ಎರಡು ತಿಂಗಳಿಗೇ ಜುಟ್ಟು ಕೆಂಪಾಗಿ ಗುರುತು ಸಿಗುತ್ತವೆ. ಹೇಂಟೆಗಳನ್ನು ಇಟ್ಟುಕೊಳ್ಳಿ, ಹುತ್ತರಿ ಹಬ್ಬದ ಆಸುಪಾಸಿಗೆ ಮೊಟ್ಟೆ ಶುರುವಾಗುತ್ತದೆ. ಮುಂದಿನ ತಂಡವನ್ನು ಕೈಲ್ ಮುಹೂರ್ತ ಕಳೆದು, ಮಳೆ ಇಳಿದ ಮೇಲೆ ತನ್ನಿ. ಬಲ್ಬಿಗೂ ಹೊಟ್ಟಿಗೂ ಪಡುವ ಪಾಡು ಅರ್ಧಕ್ಕರ್ಧ ಕಡಿಮೆ. ಆ ಮರಿಗಳು ಮುಂದಿನ ಜೂನ್ ಹೊತ್ತಿಗೆ ದೊಡ್ಡವಾಗಿ, ಮಳೆಯನ್ನು ಗೂಡಿನ ಅಡ್ಡೆಗೋಲಿನ ಮೇಲೆ ಕೂತು ಕಳೆಯುತ್ತವೆ.

ನಡುವೆ ಆಂಟಿಬಯೋಟಿಕ್ ಏನಾದರೂ ಕೊಟ್ಟಿದ್ದರೆ ಸಾರಿಗೆ ಕೊಯ್ಯುವ ಮುನ್ನ ಸೀಸೆಯ ಮೇಲೆ ಬರೆದಿರುವಷ್ಟು ದಿನ ಬಿಡಬೇಕು. ಚೀಟಿ ಹರಿದುಹೋಗಿದ್ದರೆ ಔಷಧಿಯ ಹೆಸರು ಇಲ್ಲಿ ಹಾಕಿ, ಹೇಳುತ್ತೇನೆ.