ಸಹಾಯ ಬೇಕು: ತಪ್ಪು ನನ್ನದು ಅಂತ ಸಭೇಲಿ ಹೇಗೆ ಹೇಳಲಿ?

ನಮಸ್ಕಾರ. ಈ ಸಲ ನಮ್ಮ ಬೀದಿ ಗಣೇಶನ ಉಸ್ತುವಾರಿ ಮೊದಲ ಬಾರಿಗೆ ನನ್ನ ಹೆಗಲಿಗೆ ಬಿತ್ತು. ರಾತ್ರಿ 10ಕ್ಕೆ ಮೈಕ್ ನಿಲ್ಲಿಸಬೇಕು ಅಂತ ಗೊತ್ತಿದ್ದೂ, 'ಇನ್ನೊಂದೇ ಹಾಡು ಅಣ್ಣಾ' ಅಂದ ಹುಡುಗರಿಗೆ ತಲೆ ಆಡಿಸಿದ್ದು ನಾನೇ. 10.40ಕ್ಕೆ ಪೊಲೀಸರು ಬಂದಾಗ ಮಾತ್ರ ಸೌಂಡ್‌ನವನ ಕಡೆ ಕೈ ತೋರಿಸಿಬಿಟ್ಟೆ. ಪಾಪ, ಅವನ ಆಂಪ್ಲಿಫೈಯರ್ ಈಗ ಠಾಣೆಯಲ್ಲಿದೆ. ಮನೆಗೆ ಹೋಗಿ ಕ್ಷಮೆ ಕೇಳಿದೆ. ಕಾಫಿ ಕೊಟ್ಟ, ಮಾತಾಡಲಿಲ್ಲ. ಹಿರಿಯರೊಬ್ಬರು 'ಹೋಗ್ಲಿ ಬಿಡಪ್ಪ' ಅಂತಾರೆ. ನನಗೆ ಬಿಡೋಕಾಗ್ತಿಲ್ಲ.

ಭಾನುವಾರ ಲೆಕ್ಕ ಒಪ್ಪಿಸೋ ಸಭೆ. ದಂಡ ನಾನೇ ಕಟ್ತೀನಿ ಅಂದ್ರೆ ದೊಡ್ಡಸ್ತಿಕೆ ಅನ್ಕೋತಾರೆ, ಚಂದಾ ದುಡ್ಡಲ್ಲಿ ಕಟ್ಟಿದ್ರೆ ಬೀದಿಯವರಿಗೆ ಅನ್ಯಾಯ. ಕಮಿಟಿ ನಡೆಸಿದವರು ಹೇಳಿ: ಲೆಕ್ಕ ಓದೋಕೆ ಮುಂಚೆ ತಪ್ಪು ಒಪ್ಪಿಕೊಳ್ಳಲಾ, ಆಮೇಲಾ? ದಂಡ ಯಾರು ಕಟ್ಟೋದು ಸರಿ?