ಕಡಲಿನ ಒಂದು ತುಂಡನ್ನು ಪೂರ್ತಿ ಮುಚ್ಚಿದರೆ ಹೊರಗಿನವರ ಬಲೆಗೆ ಮೀನು ಬೀಳುತ್ತದೆಯೇ?

ಅಳಿವೆಬಾಗಿಲು (ಹೊನ್ನಾವರ) ಕೇಳಿದ್ದು:

ನಮ್ಮದು ನಾಡದೋಣಿಯ ಮನೆ. ಅಣ್ಣ ಕಡಲಿಗೆ ಹೋಗುತ್ತಾನೆ, ನಾನು ಪೇಟೆಯ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಅಪ್ಸರಕೊಂಡ–ಮುಗಳಿ ಭಾಗ ರಾಜ್ಯದ ಮೊದಲ ಕಡಲ ವನ್ಯಜೀವಿಧಾಮ ಆದಾಗಿನಿಂದ ದಡದಲ್ಲಿ ದಿನಕ್ಕೊಂದು ಸುದ್ದಿ. ಇನ್ನು ಬಲೆ ಬಿಡುವಂತೆಯೇ ಇಲ್ಲ ಎಂದು ಒಬ್ಬ, ನಾಡದೋಣಿಗೇನೂ ತೊಂದರೆಯಿಲ್ಲ ಎಂದು ಇನ್ನೊಬ್ಬ. ಇಲ್ಲಿನ ನಿಯಮವನ್ನು ನಾನು ಕಚೇರಿಗೇ ಹೋಗಿ ಕೇಳುತ್ತೇನೆ. ಇಲ್ಲಿ ಕೇಳುತ್ತಿರುವುದು ಬೇರೆ.

ಯಾರಿಗೂ ಇಲ್ಲ, ಯಾವ ಕಾಲಕ್ಕೂ ಇಲ್ಲ, ಗಾಳ ಕೂಡ ಹಾಕುವಂತಿಲ್ಲ ಎಂದು ಕಡಲನ್ನು ಎಲ್ಲಾದರೂ ಮುಚ್ಚಿದ್ದಾರೆಯೇ? ಮುಚ್ಚಿದ ಮೇಲೆ ಗಡಿಯ ಹೊರಗೆ ದುಡಿಯುವವನಿಗೆ ಏನಾದರೂ ದಕ್ಕಿತೇ? ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ಹೇಗೂ ದಡದಲ್ಲಿರುತ್ತವೆ. ಆಗಸ್ಟ್ ಬಂದದ್ದೇ ತಡ, ಉಳಿದದ್ದನ್ನೆಲ್ಲ ಬಾಚಿಕೊಂಡು ಬರುತ್ತಾರೆ. ಅಷ್ಟಕ್ಕೂ ತಾರ್ಲೆಗೆ, ಬಂಗುಡೆಗೆ ಸರ್ಕಾರ ಎಳೆದ ಗೆರೆ ಕಾಣುತ್ತದೆಯೇ?

ಕುಮಟೆಯವಳು (ಆಕ್ಲೆಂಡ್):

ಮುಚ್ಚಿದ್ದಾರೆ. ನಾನಿರುವ ಆಕ್ಲೆಂಡಿನಿಂದ ಉತ್ತರಕ್ಕೆ ಕಾರಿನಲ್ಲಿ ಸುಮಾರು ಒಂದೂವರೆ ಗಂಟೆ ಹೋದರೆ ಲೀ ಎಂಬ ಸಣ್ಣ ಊರು, ಅದರ ಮಗ್ಗುಲಲ್ಲೇ ಗೋಟ್ ಐಲ್ಯಾಂಡ್. ದಡದುದ್ದಕ್ಕೆ ಸುಮಾರು 5 ಕಿ.ಮೀ., ಕಡಲಿನೊಳಕ್ಕೆ 800 ಮೀಟರ್. ನ್ಯೂಜಿಲೆಂಡ್ 1975ರಲ್ಲಿ ಮುಚ್ಚಿದ್ದು ಇಷ್ಟನ್ನೇ. ಅದಕ್ಕಾಗಿ 1971ರಲ್ಲಿ ಹೊಸ ಕಾಯ್ದೆಯನ್ನೇ ಮಾಡಬೇಕಾಯಿತು. ಅಲ್ಲಿನ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿದ್ದ ಬಿಲ್ ಬ್ಯಾಲಂಟೈನ್ ಎಂಬ ಕಡಲ ಜೀವಶಾಸ್ತ್ರಜ್ಞ ಪಟ್ಟು ಹಿಡಿಯದಿದ್ದರೆ ಅದೂ ಆಗುತ್ತಿರಲಿಲ್ಲ. ಒಂದು ಚಿಪ್ಪನ್ನೂ ಹೆಕ್ಕುವಂತಿಲ್ಲ. ಆದರೆ ಈಜಬಹುದು, ಮುಳುಗಿ ನೋಡಬಹುದು. ಈ ವಿಷಯ ನಮ್ಮವರು ಗಮನಿಸಬೇಕು: ಮೀನಿಗೆ ರಕ್ಷಣೆ ಎಂದರೆ ಮನುಷ್ಯರನ್ನು ದಡದಿಂದ ಅಟ್ಟುವುದು ಎಂದೇನೂ ಅಲ್ಲ.

ಆಗ ಅಲ್ಲಿನ ಬಂಡೆಗಳು ಬೋಳಾಗಿದ್ದವು. ಸ್ನ್ಯಾಪರ್ ಮೀನನ್ನೂ ಕಲ್ಲುಸಿಗಡಿಯನ್ನೂ ಹಿಡಿದು ಮುಗಿಸಿದ್ದರಿಂದ ಅವು ತಿನ್ನುತ್ತಿದ್ದ ಕಿನಾ ಎಂಬ ಮುಳ್ಳುಮೈಯ ಪ್ರಾಣಿಗೆ ಹೇಳುವವರು ಕೇಳುವವರು ಇಲ್ಲದಂತಾಗಿ, ಅದು ಕೆಲ್ಪ್ ಎಂಬ ಕಡಲಪಾಚಿಯ ಕಾಡನ್ನೆಲ್ಲ ಮೇಯ್ದುಬಿಟ್ಟಿತ್ತು. ಮೀನು ಹಿಡಿಯುವುದು ನಿಂತಿತು, ದೊಡ್ಡ ಮೀನುಗಳು ಬಂದವು, ಕಿನಾ ಕಡಿಮೆಯಾಯಿತು, ಬಂಡೆಯ ಮೇಲೆ ಪಾಚಿ ಮತ್ತೆ ಎದ್ದಿತು. ಹೇಳುವುದಕ್ಕೆ ಒಂದು ಸಾಲು, ಆಗುವುದಕ್ಕೆ ಎರಡು ದಶಕ! ಐದು ವರ್ಷದ ಯೋಜನೆ ಹಾಕಿ ಫಲಿತಾಂಶ ಕೇಳುವ ಅಧಿಕಾರಿಗಳಿಗೆ ಇದು ಹಿಡಿಸುವುದಿಲ್ಲ.

ಈಗ ಎದೆಮಟ್ಟದ ನೀರಿನಲ್ಲಿ ನಿಂತರೆ ತೋಳುದ್ದದ ಸ್ನ್ಯಾಪರ್ ಕಾಲ ಬಳಿಯೇ ಮರಳು ಕೆದಕುತ್ತದೆ. ಹಣೆ ಉಬ್ಬಿದ ಮುದಿ ಮೀನು, ತಾಮ್ರದ ಮೈಮೇಲೆ ನೀಲಿ ಚುಕ್ಕೆ. ಕಣ್ಣನ್ನಷ್ಟೇ ಹೊರಳಿಸಿ ನೋಡುತ್ತದೆಯೇ ಹೊರತು ಜಾಗ ಬಿಟ್ಟು ಕದಲುವುದಿಲ್ಲ. ಗಡಿಯಾಚೆ ಅಂಥದ್ದು ಮನುಷ್ಯನ ನೆರಳು ಕಂಡರೂ ಓಡುತ್ತದೆ.

ಹೊರಗಿನವನಿಗೆ ಏನು ದಕ್ಕಿತು ಎಂದಿರಿ. 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸುತ್ತಲಿನ ಸುಮಾರು 400 ಚದರ ಕಿ.ಮೀ. ಕಡಲಿನ ಸ್ನ್ಯಾಪರ್ ಮರಿಗಳ ವಂಶವಾಹಿ ಪರೀಕ್ಷೆ ಮಾಡಿದರು. ನೂರಕ್ಕೆ ಸುಮಾರು 10 ಮರಿಗಳ ತಂದೆ ಅಥವಾ ತಾಯಿ ಈ ಐದು ಚದರ ಕಿ.ಮೀ. ಜಾಗದ್ದು ಎಂದು ಗೊತ್ತಾಯಿತು. ಮುಚ್ಚಿದ ಜಾಗದಲ್ಲಿ ಮೀನಿಗೆ ಮುದಿಯಾಗುವಷ್ಟು ಆಯುಸ್ಸು ಸಿಗುತ್ತದೆ, ಮೈ ಬೆಳೆದಷ್ಟೂ ಮೊಟ್ಟೆ ಹೆಚ್ಚು. ನಿಮ್ಮ 61 ದಿನಗಳು ಮೀನಿಗೆ ಒಂದು ಮಳೆಗಾಲದ ಬಿಡುವು ಕೊಡುತ್ತವೆ, ಆಯುಸ್ಸನ್ನು ಕೊಡುವುದಿಲ್ಲ.

ತಾರ್ಲೆ, ಬಂಗುಡೆಯ ವಿಷಯದಲ್ಲಿ ನಿಮ್ಮ ಅನುಮಾನ ಸರಿ. ಹಿಂಡು ಕಟ್ಟಿ ತಿರುಗುವ ಮೀನಿಗೆ ಸಣ್ಣ ತುಂಡು ಮುಚ್ಚಿ ಹೆಚ್ಚು ಲಾಭವಿಲ್ಲ. ಅದಕ್ಕೆ ಬಲೆಯ ಕಣ್ಣು, ಬೆಳಕು ಹಾಯಿಸಿ ಹಿಡಿಯುವುದು, ಎರಡು ಬೋಟುಗಳು ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗ್, ಇವುಗಳ ಮೇಲೆಯೇ ಕಡಿವಾಣ ಬೇಕು. ಬಂಡೆಯನ್ನು ನಂಬಿ ಬದುಕುವ ಮುರು, ಕೆಂಬೇರಿಯಂಥವಕ್ಕೆ ಮಾತ್ರ ಈ ಉಪಾಯ. ಲೀಯಲ್ಲಿ ಕಲ್ಲುಸಿಗಡಿಯ ಕಥೆಯೂ ಇಳಿಮುಖವೇ. ಅದು ವರ್ಷದ ಕೆಲವು ಕಾಲ 800 ಮೀಟರಿನ ಗಡಿ ದಾಟಿ ನಡೆದು ಹೋಗುತ್ತಿತ್ತು, ಗಡಿಗುಂಟ ಬೋನು ಇಟ್ಟು ಕಾಯುವವರಿದ್ದರು. ಗಡಿಯನ್ನು ಇನ್ನಷ್ಟು ಆಳಕ್ಕೆ ಒಯ್ಯಲು 2025ರವರೆಗೆ ಕಾಯಬೇಕಾಯಿತು.

ಸದಾಶಿವಗಡ ಮೇಷ್ಟ್ರು:

ತಂಗಿ ಚೆನ್ನಾಗಿ ಬರೆದಿದ್ದಾಳೆ. ನಮಗೆ ಹತ್ತಿರದ ಉದಾಹರಣೆಯನ್ನೂ ನೋಡಿ. ಮಹಾರಾಷ್ಟ್ರದ ಸಿಂಧುದುರ್ಗ ಕೋಟೆಯ ಸುತ್ತಲಿನ ಸುಮಾರು 29 ಚದರ ಕಿ.ಮೀ. ಕಡಲನ್ನು 1987ರಲ್ಲಿ ಮಾಲ್ವಣ ಕಡಲಧಾಮ ಎಂದು ಘೋಷಿಸಿದರು. ಮೀನುಗಾರರು ಮೊದಲಿನಿಂದಲೂ ವಿರೋಧಿಸಿದರು. ಧಾಮ ಬಹುಪಾಲು ಕಾಗದದಲ್ಲಿಯೇ ಉಳಿಯಿತು. ಬಲೆ ಬಿಡುವವನನ್ನು ಕೇಳದೆ ನಕ್ಷೆಯ ಮೇಲೆ ಗೆರೆ ಎಳೆದರೆ ಹೀಗೆಯೇ.

ಹಾಗೆಂದು ನಮ್ಮ ಜನಕ್ಕೆ ಮುಚ್ಚುವುದು ಹೊಸದಲ್ಲ. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ದೇವರ ಮೀನಿಗೆ ಯಾರೂ ಗಾಳ ಹಾಕುವುದಿಲ್ಲ. ಶಿಶಿಲದಲ್ಲಿ 1996ರಲ್ಲಿ ಯಾರೋ ವಿಷ ಹಾಕಿ ಸಾವಿರಾರು ಮೀನು ಸತ್ತಾಗ ಊರವರು ಮೀನಿಗೆ ಸ್ಮಾರಕವನ್ನೇ ಕಟ್ಟಿದರು. ಯಾವ ಇಲಾಖೆಗಾದರೂ ಇಂಥ ಕಾವಲು ಸಾಧ್ಯವೇ?

ಬಂದರು ರಸ್ತೆ (ಮಂಗಳೂರು):

ಎಲ್ಲರೂ ಹೊಗಳುತ್ತಿದ್ದೀರಿ, ಹಿಂದೂ ಮಹಾಸಾಗರದ ಚಾಗೋಸ್ ದ್ವೀಪಗಳ ಕಥೆಯನ್ನೂ ಸೇರಿಸಿಕೊಳ್ಳಿ. ಬ್ರಿಟನ್ ಅಲ್ಲಿನ ಜನರನ್ನು 1973ರೊಳಗೆ ಪೂರ್ತಿ ಹೊರಹಾಕಿತು. 2010ರಲ್ಲಿ ಸುತ್ತಲಿನ ಸುಮಾರು 6,40,000 ಚದರ ಕಿ.ಮೀ. ಕಡಲನ್ನು ಮೀನುಗಾರಿಕೆಗೆ ಮುಚ್ಚಿತು. ಮೂಲನಿವಾಸಿಗಳು ಹಿಂದಿರುಗುವುದನ್ನು ತಡೆಯಲು ಇದು ಒಳ್ಳೆಯ ದಾರಿ ಎಂಬ ಮಾತುಕತೆ ವಿಕಿಲೀಕ್ಸ್ ಬಯಲು ಮಾಡಿದ ಅಮೆರಿಕದ ರಾಯಭಾರ ಪತ್ರದಲ್ಲಿತ್ತು. 2015ರಲ್ಲಿ ಅಂತರರಾಷ್ಟ್ರೀಯ ನ್ಯಾಯಮಂಡಳಿ ಈ ಘೋಷಣೆ ಕಡಲ ಕಾನೂನಿಗೆ ವಿರುದ್ಧ ಎಂದಿತು. ಮೀನಿನ ಹೆಸರಿನಲ್ಲಿ ಯಾರನ್ನು ಎಬ್ಬಿಸುತ್ತಿದ್ದಾರೆ ಎಂಬುದನ್ನು ಮೊದಲು ನೋಡಬೇಕು.

ಅಳಿವೆಬಾಗಿಲು:

ಎಲ್ಲರಿಗೂ ಧನ್ಯವಾದ. ರಾತ್ರಿ ಅಣ್ಣನಿಗೆ ಓದಿ ಹೇಳಿದೆ. ಅಕ್ಕ ಬರೆದ ಮುದಿ ಮೀನಿನ ಮಾತು ಅವನಿಗೆ ಹಿಡಿಸಿತು. ದೊಡ್ಡ ಮುರು ಕಾಣದೆ ಎಷ್ಟು ಕಾಲವಾಯಿತು ಎಂದ. ಬಸವರಾಜ ದುರ್ಗದ ನಡುಗಡ್ಡೆಯ ಸುತ್ತಲಿನ ಬಂಡೆಗಳಲ್ಲಿ ತಾನು ಗಾಳ ಹಾಕುವುದನ್ನು ಬಿಟ್ಟೇನು, ಆದರೆ ದೊಡ್ಡ ಬೋಟುಗಳು ರಾತ್ರಿ ಬಂದರೆ ತಡೆಯುವವರು ಯಾರು ಎಂಬುದು ಅವನ ಪ್ರಶ್ನೆ. ಅಲ್ಲಿ ಹೇಗೆ ಕಾಯುತ್ತಾರೆ ಅಕ್ಕಾ?

ಕುಮಟೆಯವಳು:

ಸಿಕ್ಕಿಬಿದ್ದರೆ ದಂಡವಲ್ಲದೆ ದೋಣಿ, ಬಲೆಗಳ ಮುಟ್ಟುಗೋಲಿಗೂ ಕಾನೂನಿನಲ್ಲಿ ಅವಕಾಶವಿದೆ. ಆದರೆ ಹೆಚ್ಚು ಕೆಲಸ ಮಾಡುವುದು ಸಣ್ಣ ಗಡಿ ಮತ್ತು ಸರಳ ನಿಯಮ. ಗಡಿ ದಡದಿಂದಲೇ ಕಾಣುತ್ತದೆ, ಒಳಗೆ ಯಾರ ಗಾಳ ಕಂಡರೂ ಅದು ತಪ್ಪು. ಯಾವ ಬಲೆ, ಎಷ್ಟು ಅಶ್ವಶಕ್ತಿ, ಯಾವ ತಿಂಗಳು ಎಂದು ಲೆಕ್ಕ ಹಾಕುತ್ತ ಕೂರಬೇಕಿಲ್ಲ, ನೋಡಿದ ಯಾರು ಬೇಕಾದರೂ ಫೋನ್ ಮಾಡುತ್ತಾರೆ. ಅಣ್ಣನ ಷರತ್ತು ನ್ಯಾಯವಾದದ್ದು. ಸಭೆ ಕರೆದಾಗ ಅದನ್ನು ಬರೆದೇ ಕೊಡಲಿ: ನಾಡದೋಣಿಗೆ ಮುಚ್ಚುವ ದಿನವೇ ಬೋಟಿಗೂ ಮುಚ್ಚಬೇಕು, ಕಾವಲಿನಲ್ಲಿ ಊರಿನವರಿಗೆ ಸಂಬಳದ ಕೆಲಸ ಸಿಗಬೇಕು.